ಬಣ್ಣಕ್ಕೋ, ಖಾರಕ್ಕೋ?

(ಬಾನುಲಿ ಭಾಷಣ)

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಮೂರು ವರ್ಷ ಸ್ಪೇನ್ ದೇಶದ ಹೆಣ್ಣುಮಗಳೊಬ್ಬಳು ಬಾಡಿಗೆಗಿದ್ದಳು. ಹಿಂದುಸ್ತಾನೀ ಗಾಯನವನ್ನು ಕಲಿಯಬೇಕೆಂಬ ಹಂಬಲದಿಂದ ಧಾರವಾಡಕ್ಕೆ ಬಂದವಳು. ಬಂದ ವರ್ಷವೇ ಕನ್ನಡವನ್ನೂ ತಕ್ಕಮಟ್ಟಿಗೆ ಕಲಿತು, ನನ್ನನ್ನು ‘ಕಾಕಾ’ ಎಂದೂ ನನ್ನ ಹೆಂಡತಿಯನ್ನು ‘ಕಾಕು’ ಎಂದೂ ಕರೆಯತೊಡಗಿದ್ದಳು. ಆಕೆಯ ತವರು ಸ್ಪೇನಿನ ಪೂರ್ವ ಕರಾವಳಿಯ ಆಲಿಕಾಂತೆ ಪ್ರಾಂತ. ಆಕೆಯ ಅಡುಗೆಯ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಸದಾ ಇರುತ್ತಿತ್ತು. ಅದರೊಳಗೆ ದುಂಡಗಿನ, ಕಡುಗೆಂಪು ಬಣ್ಣದ, ಒಣಗಿ ಸುಕ್ಕುಗಟ್ಟಿದ ಕಾಯಿಗಳು. ಮೊದಲ ಸಲ ನೋಡಿದಾಗ ಅವು ಯಾವುದೋ ಔಷಧದ ಕಾಯಿಗಳಿರಬೇಕೆಂದು ನಾನು ತಿಳಿದಿದ್ದೆ. ಮೆಣಸಿನಕಾಯಿ ಎಂದಾಗ ನಂಬದೆ, ಒಂದು ಚೂರು ಮುರಿದು ಬಾಯಲ್ಲಿ ಹಾಕಿಕೊಂಡೆ. ಸಿಹಿಯೆನ್ನಿಸಿತು. ಒಣದ್ರಾಕ್ಷಿಯ ನೆನಪು ತರುವ ಒಂದು ಮಣ್ಣಿನ ಸುವಾಸನೆಯಿತ್ತು. ಖಾರ ಮಾತ್ರ ಇರಲಿಲ್ಲ.

“ಖಾರವಿಲ್ಲದ ಮೇಲೆ ಇದು ಮೆಣಸಿನಕಾಯಿ ಹೇಗಾಯಿತವ್ವಾ?” ಎಂದು ಕೇಳಿದೆ.

“ಇದು ನ್ಯೋರಾ, ಕಾಕಾ. ಇದು ಖಾರಕ್ಕಲ್ಲ” ಎಂದಳು. ಯಾವುದಕ್ಕೆ ಎಂಬುದನ್ನು ಆ ದಿನ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಡಬ್ಬಿಯನ್ನು ತುಂಬಿಸುತ್ತಿದ್ದವಳು ಆಕೆಯ ತಾಯಿ. ಆರು ತಿಂಗಳಿಗೊಮ್ಮೆ ಊರಿನಿಂದ ಅಂಚೆಯಲ್ಲಿ ಒಂದು ಪೊಟ್ಟಣ ಬರುತ್ತಿತ್ತು. 2020ರ ಮಾರ್ಚ್ ತಿಂಗಳು ಎಂದರೆ ನಿಮಗೆಲ್ಲ ನೆನಪಿದೆ. ಸ್ಪೇನ್ ದೇಶದಲ್ಲಿ ಸಾವಿನ ಸುದ್ದಿಯ ಹೊರತು ಬೇರೆ ಸುದ್ದಿಯಿರಲಿಲ್ಲ. ಆ ತಿಂಗಳ ಕೊನೆಯ ವಾರದಲ್ಲಿ ಆಕೆಯ ತಾಯಿ ತೀರಿಕೊಂಡಳು. ವಿಮಾನಗಳು ನಿಂತಿದ್ದವು, ಅಂಚೆಯ ದಾರಿ ಕಟ್ಟಿತ್ತು. ತಾಯಿಯ ಮುಖ ನೋಡಲು ಹೋಗುವುದು ಆಗಲಿಲ್ಲ. ಮಹಡಿಯ ಮೇಲಿನಿಂದ ಬೆಳಗಿನ ಹೊತ್ತು ಕೇಳಿಬರುತ್ತಿದ್ದ ತಂಬೂರಿಯ ದನಿ ಎಷ್ಟೋ ದಿನ ಕೇಳಿಸಲಿಲ್ಲ.

ಮಳೆಗಾಲದ ಹೊತ್ತಿಗೆ ಡಬ್ಬಿ ಬರಿದಾಯಿತು. ಒಂದೇ ಒಂದು ಕಾಯಿ ಉಳಿದಿತ್ತು. ಅದನ್ನು ಆಕೆ ಅಡುಗೆಗೆ ಬಳಸದೆ ಹಾಗೆಯೇ ಇಟ್ಟುಕೊಂಡಳು. ಒಂದು ಸಂಜೆ ಕೆಳಗಿಳಿದು ಬಂದು ನನ್ನ ಹೆಂಡತಿಯ ಹತ್ತಿರ ಕುಳಿತು, “ಅವ್ವ ತೀರಿಕೊಂಡು ವರ್ಷ ತುಂಬುವ ದಿನ ಆಕೆ ಮಾಡುತ್ತಿದ್ದ ಅನ್ನವನ್ನು ನಾನು ಮಾಡಬೇಕು, ಕಾಕು. ಅದಕ್ಕೆ ನ್ಯೋರಾ ಬೇಕು. ಇಲ್ಲಿ ಅಂಥದು ಸಿಕ್ಕೀತೆ?” ಎಂದು ಕೇಳಿದಳು. ಸತ್ತವರ ದಿನಕ್ಕೆ ಅವರಿಗೆ ಪ್ರಿಯವಾದುದನ್ನು ಅಡುಗೆ ಮಾಡುವ ಸಂಪ್ರದಾಯವನ್ನು ನನ್ನ ಹೆಂಡತಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. “ಸಿಗದೆ ಏನು? ಹುಡುಕೋಣ” ಎಂದು ಅವಳು ಮಾತುಕೊಟ್ಟುಬಿಟ್ಟಳು. ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಕಂಡ ಕಂಡ ಅಂಗಡಿಗಳಲ್ಲಿ ವಿಚಾರಿಸಿದೆ. ಪರದೇಶದ ಸಾಮಾನು ಮಾರುವ ಅಂಗಡಿಯವರು ಶೀಷೆಯಲ್ಲಿ ತುಂಬಿದ ಕೆಂಪು ಪುಡಿಯನ್ನು ತೋರಿಸಿದರು. ಇಡೀ ಕಾಯಿ ಅವರಲ್ಲಿರಲಿಲ್ಲ. ಹಣ್ಣಾದ ದೊಣ್ಣೆ ಮೆಣಸಿನಕಾಯಿಗೂ ಖಾರವಿಲ್ಲವಲ್ಲ, ಅದನ್ನೇ ಒಣಗಿಸಿದರೆ ಹೇಗೆ ಎಂಬ ಯುಕ್ತಿ ನನಗೆ ಹೊಳೆಯಿತು. ಎರಡು ಕಿಲೋ ಕೊಂಡುತಂದು ಸೀಳಿ ಮಾಳಿಗೆಯ ಮೇಲೆ ಹರವಿದೆ. ಧಾರವಾಡದ ಶ್ರಾವಣವನ್ನು ಬಲ್ಲವರು ಇಷ್ಟು ಕೇಳಿಯೇ ನಗುತ್ತಾರೆ. ದಪ್ಪ ತಿರುಳಿನ ಆ ಕಾಯಿಗಳು ಜಿಟಿಜಿಟಿ ಮಳೆಯ ಹವೆಯಲ್ಲಿ ಮೂರೇ ದಿನಗಳಲ್ಲಿ ಬೂಜು ಹಿಡಿದವು.

ನನ್ನ ಹೆಂಡತಿ ಮಲೆನಾಡಿನ ಹಳ್ಳಿಯಿಂದ ಬಂದವಳು. ಬಿಸಿಲನ್ನು ನಂಬದೆ ಬದುಕುವುದನ್ನು ಆ ಜನ ಬಲ್ಲರು. ಆಕೆ ಹಿತ್ತಿಲಲ್ಲಿ ನೀರು ಕಾಯಿಸುವ ಒಲೆಯ ಮೇಲೆ ಬಿದಿರಿನ ತಟ್ಟಿಯೊಂದನ್ನು ಕಟ್ಟಿಸಿ, ಉಳಿದ ಕಾಯಿಗಳನ್ನು ಅದರ ಮೇಲೆ ಹರವಿ, ದಿನಕ್ಕೊಮ್ಮೆ ಮಗುಚುತ್ತ ಹನ್ನೆರಡು ದಿನ ಹೊಗೆಯಲ್ಲಿ ಒಣಗಿಸಿದಳು. ಕಾಯಿಗಳು ಕೆಡಲಿಲ್ಲ. ಕಪ್ಪಿಗೆ ಸಮೀಪವಾದ ಕೆಂಪಾಗಿ, ಹೊಗೆಯ ಗಾಢವಾದ ವಾಸನೆ ಹೊತ್ತು ಇಳಿದು ಬಂದವು. ಹುಡುಗಿ ಒಂದನ್ನು ಕೈಗೆತ್ತಿಕೊಂಡು ಮೂಸಿ ನೋಡಿದಳು. ಆಕೆಯ ಮುಖ ಅರಳಿತು, ಆದರೆ ತಲೆಯಾಡಿಸಿದಳು. “ಕಾಕು, ಇದು ಸ್ಪೇನ್ ದೇಶದ ವಾಸನೆ ಹೌದು. ಆದರೆ ನಮ್ಮ ಊರಿನದಲ್ಲ. ಇದು ಪಡುವಣ ಸೀಮೆಯದು” ಎಂದಳು.

ನಾನು ನಲವತ್ತು ವರ್ಷ ಇತಿಹಾಸವನ್ನು ಪಾಠ ಹೇಳಿದವನು. ಒಂದು ಒಣಮೆಣಸಿನಕಾಯಿಯನ್ನು ಮೂಸಿ ದೇಶದ ಯಾವ ದಿಕ್ಕಿನದೆಂದು ಹೇಳಬಹುದಾದರೆ ಅದರ ಹಿಂದೆ ಇತಿಹಾಸವಿರಲೇಬೇಕು. ಅಂಗಡಿಗಳನ್ನು ಬಿಟ್ಟು ಪುಸ್ತಕಗಳ ಕಡೆಗೆ ತಿರುಗಿದೆ. ಅಲ್ಲಿ ಕಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಸ್ಪೇನಿನ ಮೆಣಸಿನಕಾಯಿಯ ಕಥೆ ಪ್ರಾರಂಭವಾಗುವುದು ನಮ್ಮ ಕಡಲತೀರದ ಕರಿಮೆಣಸಿನಿಂದ. ಹದಿನೈದನೆಯ ಶತಮಾನದ ಯುರೋಪಿನಲ್ಲಿ ಕರಿಮೆಣಸು ಕೈಗೆಟುಕದ ವಸ್ತು. ಮಲೆಯಾಳದಲ್ಲಿ, ತುಳುನಾಡಿನಲ್ಲಿ, ನಮ್ಮ ಘಟ್ಟದ ಕೆಳಗಿನ ಸೀಮೆಯಲ್ಲಿ ಬೆಳೆದದ್ದು ಅರಬರ ಹಡಗುಗಳನ್ನೇರಿ, ಒಂಟೆಗಳ ಬೆನ್ನೇರಿ, ವೆನಿಸ್ಸಿನ ವರ್ತಕರ ಕೈಸೇರಿ, ಕೈ ಬದಲಾದಂತೆಲ್ಲ ಬೆಲೆ ಏರಿಸಿಕೊಳ್ಳುತ್ತ ಅಲ್ಲಿಗೆ ಮುಟ್ಟುತ್ತಿತ್ತು. ಪಡುವಲಿಗೆ ಹೋಗಿ ಮೂಡಲನ್ನು ಮುಟ್ಟುವೆನೆಂದು 1492ರಲ್ಲಿ ಹೊರಟ ಕೊಲಂಬಸ್ ತನ್ನ ಹಡಗಿನಲ್ಲಿ ಮೆಣಸಿನ ಕಾಳು ಮತ್ತು ದಾಲ್ಚಿನ್ನಿಯ ಮಾದರಿಗಳನ್ನು ಇಟ್ಟುಕೊಂಡಿದ್ದ. ಕ್ಯೂಬಾ ದ್ವೀಪದ ಜನರಿಗೆ ಅವನ್ನು ತೋರಿಸಿ, ಇಂಥದು ನಿಮ್ಮಲ್ಲಿದೆಯೆ ಎಂದು ಸನ್ನೆಯಿಂದ ಕೇಳಿದ. ಇಲ್ಲೇ ಹತ್ತಿರದಲ್ಲಿ ಬೇಕಾದಷ್ಟಿದೆ ಎಂದು ಅವರೂ ಸನ್ನೆಯಿಂದಲೇ ಹೇಳಿದರೆಂದು ಅವನ ದಿನಚರಿಯಲ್ಲಿದೆ. ಸನ್ನೆಯ ಭಾಷೆಗೆ ಇದೊಂದು ಗುಣವುಂಟು: ಕೇಳುವವನು ಏನನ್ನು ಬಯಸುತ್ತಾನೋ ಉತ್ತರವೂ ಅದೇ ಆಗಿ ಕಾಣುತ್ತದೆ.

ಅಲ್ಲಿ ಕರಿಮೆಣಸು ಇರಲಿಲ್ಲ. ಆದರೆ 1493ರ ಜನವರಿಯಲ್ಲಿ, ಹಿಸ್ಪಾನಿಯೋಲಾ ದ್ವೀಪದಲ್ಲಿದ್ದಾಗ, ಅಲ್ಲಿಯ ಜನ ‘ಅಹಿ’ ಎಂದು ಕರೆಯುವ ಪದಾರ್ಥವೊಂದನ್ನು ಅವನು ಗುರುತು ಹಾಕಿಕೊಂಡ. ಅದು ಅವರ ಮೆಣಸು. ನಮ್ಮ ಮೆಣಸಿಗಿಂತ ಉತ್ತಮವಾದುದು. ಅದಿಲ್ಲದೆ ಅವರು ಉಣ್ಣುವುದಿಲ್ಲ ಎಂದು ಬರೆದ. ಎರಡನೆಯ ಯಾನದಲ್ಲಿ ಜೊತೆಗೆ ಹೋದ ಸೆವಿಲ್ ನಗರದ ವೈದ್ಯ ದಿಯೆಗೋ ಆಲ್ವಾರೆಜ್ ಚಾಂಕಾ ಕೂಡ ಆ ಜನ ಮೀನು ಮತ್ತು ಹಕ್ಕಿಗಳ ಮಾಂಸವನ್ನು ಅದರೊಡನೆ ತಿನ್ನುವುದನ್ನು ತನ್ನ ಪತ್ರದಲ್ಲಿ ವರ್ಣಿಸಿದ್ದಾನೆ. ಬೇರೆ ಖಂಡ, ಬೇರೆ ಗಿಡ, ಬೇರೆ ಕುಲ. ಆದರೂ ಅದಕ್ಕೆ ಮೆಣಸೆಂದೇ ಹೆಸರಾಯಿತು. ಹುಡುಕಲು ಹೊರಟವನಿಗೆ ಹುಡುಕಿದ್ದರ ಹೆಸರನ್ನೇ ಸಿಕ್ಕಿದ್ದಕ್ಕೂ ಇಡುವ ಚಪಲವಿರುತ್ತದೆ.

ಈ ಹೆಸರಿನ ವಿಷಯದಲ್ಲಿ ಕನ್ನಡಿಗರಾದ ನಾವು ಸ್ವಲ್ಪ ನಿಲ್ಲಬೇಕು. ಸ್ಪೇನಿನ ಭಾಷೆಯಲ್ಲಿ ಕರಿಮೆಣಸಿಗೆ ‘ಪಿಮ್ಯೆಂತಾ’ ಎನ್ನುತ್ತಾರೆ, ಅದು ಸ್ತ್ರೀಲಿಂಗ. ಹೊಸ ಗಿಡದ ಕಾಯಿ ಬಂದಾಗ ಅದೇ ಪದವನ್ನು ಪುಲ್ಲಿಂಗಕ್ಕೆ ತಿರುಗಿಸಿ ‘ಪಿಮ್ಯೆಂತೋ’ ಎಂದರು. ಅದರ ಪುಡಿ ‘ಪಿಮೆಂತೋನ್’, ಎಂದರೆ ದೊಡ್ಡ ಮೆಣಸು. ನಾವು ಮಾಡಿದ್ದೂ ಇದನ್ನೇ ಅಲ್ಲವೆ? ಹಳಗನ್ನಡದ ‘ಮೆಳಸು’ ನಮ್ಮ ಬಳ್ಳಿಯ ಕಾಳು. ಹೊಸದು ಬಂದಾಗ ಅದಕ್ಕೆ ಮೆಣಸಿನಕಾಯಿ ಎಂದೆವು. ಕೊನೆಗೆ ಹೊಸದರ ಹಾವಳಿ ಎಷ್ಟಾಯಿತೆಂದರೆ, ಮನೆಯ ಯಜಮಾನನೇ ತನ್ನ ಗುರುತು ಹೇಳಿಕೊಳ್ಳಬೇಕಾಗಿ ಬಂದು ಕರಿಮೆಣಸು, ಕಾಳುಮೆಣಸು ಎಂಬ ವಿಶೇಷಣಗಳನ್ನು ತೊಟ್ಟಿತು. ಕರಾವಳಿಯವರು ಅದನ್ನು ‘ಒಳ್ಳೆಮೆಣಸು’ ಎಂದು ಕರೆದು, ತುಳುವಿನಲ್ಲಿ ‘ಎಡ್ಡೆಮುಂಚಿ’ ಎಂದು ಕರೆದು, ಹಳೆಯದರ ಮೇಲಿನ ತಮ್ಮ ಗೌರವವನ್ನು ಉಳಿಸಿಕೊಂಡಿದ್ದಾರೆ.

ಇನ್ನೂ ಒಂದು ಸ್ವಾರಸ್ಯವಿದೆ. ‘ಪಿಮ್ಯೆಂತಾ’ ಹುಟ್ಟಿದ್ದು ಲ್ಯಾಟಿನ್ ಭಾಷೆಯ ‘ಪಿಗ್ಮೆಂಟುಂ’ ಎಂಬ ಪದದಿಂದ. ಅದರ ಮೂಲ ಅರ್ಥ ಬಣ್ಣ. ಚಿತ್ರಕಾರನ ಬಣ್ಣಕ್ಕಿದ್ದ ಪದವು ಮುಂದೆ ಮಸಾಲೆಗೆ ಸಂದು, ಅಲ್ಲಿಂದ ಮೆಣಸಿಗೆ ಬಂದಿತು. ಈ ಮಾತನ್ನು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ನಮಗೆ ಬೇಕಾಗುತ್ತದೆ.

1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಯ ಬಳಿ ಇಳಿದ ಮೇಲೆ ಕರಿಮೆಣಸಿನ ಹಡಗು ವ್ಯಾಪಾರ ಪೋರ್ಚುಗಲ್ಲಿನ ರಾಜನದಾಯಿತು. ಸ್ಪೇನಿನವರು ಮೆಣಸಿಗಾಗಿ ನೆರೆಮನೆಯವರ ಮುಂದೆ ಕೈಚಾಚಬೇಕಾಯಿತು. ಆಗ ಅವರ ಕೈಹಿಡಿದದ್ದು ಈ ಹೊಸ ಗಿಡ. ಸೆವಿಲ್ ನಗರದಲ್ಲಿ ನಿಕೋಲಾಸ್ ಮೊನಾರ್ದೆಸ್ ಎಂಬ ವೈದ್ಯನಿದ್ದ. ಅವನು ಅಮೆರಿಕೆಗೆ ಎಂದೂ ಹೋದವನಲ್ಲ. ಬಂದರಿಗೆ ಬರುವ ಹೊಸ ಗಿಡಮೂಲಿಕೆಗಳನ್ನು ಸಂಗ್ರಹಿಸಿ, ಪರೀಕ್ಷಿಸಿ, 1565ರಿಂದ 1574ರವರೆಗೆ ಭಾಗಭಾಗವಾಗಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಸ್ಪೇನಿನಲ್ಲಿ ಈ ಗಿಡವಿಲ್ಲದ ತೋಟವಿಲ್ಲ, ಕುಂಡವಿಲ್ಲ ಎಂಬ ಅರ್ಥದ ಮಾತನ್ನು ಅವನು ಅಲ್ಲಿ ಹೇಳುತ್ತಾನೆ. ಪೂರ್ವದೇಶದ ಮೆಣಸಿಗೆ ಎಷ್ಟೋ ಚಿನ್ನದ ನಾಣ್ಯ ತೆರಬೇಕು, ಇದಕ್ಕೆ ಬೀಜ ಬಿತ್ತುವ ಶ್ರಮವೊಂದೇ ಬೆಲೆ ಎಂದೂ ಹೇಳುತ್ತಾನೆ. ಹದಿನಾರನೆಯ ಶತಮಾನದ ಈ ವಾಕ್ಯದಲ್ಲಿ ಬಡವನ ಅಡುಗೆಮನೆಯ ಇಡೀ ಆರ್ಥಿಕ ಶಾಸ್ತ್ರವಡಗಿದೆ. ಗೇರುಸೊಪ್ಪೆಯ ಮೆಣಸು ಸಿಗದ ಸ್ಪೇನಿನ ಗೃಹಿಣಿ ಅಂಗಳದ ಕುಂಡದಲ್ಲೇ ಅದಕ್ಕೆ ಬದಲಿಯನ್ನು ಕಂಡುಕೊಂಡಳು. ದುರ್ಲಭವಾದುದನ್ನು ಊರಲ್ಲೇ ಹುಡುಕಿಕೊಳ್ಳುವ ನಮ್ಮ ಹುಡುಗಿಯ ಕೆಲಸವನ್ನು ಆಕೆಯ ಪೂರ್ವಿಕರು ನಾಲ್ಕೂವರೆ ಶತಮಾನಗಳ ಹಿಂದೆಯೇ, ನಮ್ಮ ಮೆಣಸಿಗಾಗಿ ಮಾಡಿದ್ದರು.

ಗೇರುಸೊಪ್ಪೆಯ ಹೆಸರನ್ನು ಸುಮ್ಮನೆ ಎತ್ತಲಿಲ್ಲ. ಅದೇ ಕಾಲದಲ್ಲಿ ಅಲ್ಲಿ ರಾಣಿ ಚೆನ್ನಭೈರಾದೇವಿ ಆಳುತ್ತಿದ್ದಳು. ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂತಾ’, ಮೆಣಸಿನ ರಾಣಿ, ಎಂದು ಕರೆದರು. 1580ರಲ್ಲಿ ಪೋರ್ಚುಗಲ್ಲಿನ ಕಿರೀಟ ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನ ತಲೆಗೇರಿತು. 1640ರವರೆಗೆ ಎರಡೂ ದೇಶಗಳಿಗೆ ಒಬ್ಬನೇ ದೊರೆ. ಹಾಗಾಗಿ ಆಕೆಯ ಆಳ್ವಿಕೆಯ ಕಡೆಯ ವರ್ಷಗಳಲ್ಲಿ ಗೋವೆಯ ಅಧಿಕಾರಿಗಳು ನಮ್ಮ ಘಟ್ಟದ ಮೆಣಸಿಗೆ ಬೆಲೆ ಕಟ್ಟಿದ್ದು ಸ್ಪೇನಿನ ದೊರೆಯ ಹೆಸರಿನಲ್ಲಿ. ಅಷ್ಟು ಹೊತ್ತಿಗಾಗಲೇ ಆ ದೊರೆಯ ಸ್ವಂತ ಪ್ರಜೆಗಳ ಹಿತ್ತಿಲುಗಳಲ್ಲಿ ಕೆಂಪು ಮೆಣಸಿನಕಾಯಿ ತೂಗುತ್ತಿತ್ತು.

ಈ ಗಿಡವನ್ನು ಸ್ಪೇನಿನ ಊರೂರಿಗೆ ಒಯ್ದವರು ಸಂನ್ಯಾಸಿಗಳೆಂಬುದು ಆ ದೇಶದ ಪ್ರತೀತಿ. ಕೊಲಂಬಸ್ ಮೊದಲ ಯಾನದಿಂದ ಮರಳಿ ಗ್ವಾದಲೂಪೆಯ ಮಠಕ್ಕೆ ಹರಕೆ ತೀರಿಸಲು ಹೋದಾಗ ಬೀಜಗಳನ್ನು ಕೊಟ್ಟನೆಂದೂ, ಸಂತ ಜೆರೋಮನ ಪಂಥಕ್ಕೆ ಸೇರಿದ ಆ ಮಠದವರು ತಮ್ಮ ಸೋದರ ಮಠಗಳಿಗೆ ಅದನ್ನು ಹಂಚಿದರೆಂದೂ ಹೇಳುತ್ತಾರೆ. ಆ ಪಂಥದ ಒಂದು ಮಠ ಪಶ್ಚಿಮದ ಲಾ ವೇರಾ ಕಣಿವೆಯ ಯೂಸ್ತೆಯಲ್ಲಿದೆ. ಅರ್ಧ ಯುರೋಪನ್ನು ಆಳಿ ದಣಿದ ಚಕ್ರವರ್ತಿ ಐದನೆಯ ಚಾರ್ಲ್ಸ್ 1557ರಲ್ಲಿ ಬಂದು ನೆಲಸಿ, ಮರುವರ್ಷ ಕಣ್ಣುಮುಚ್ಚಿದ್ದು ಅಲ್ಲಿಯೇ. ವಾಯವ್ಯದ ಗಾಲಿಸಿಯಾದಲ್ಲಿ ಎರ್ಬೋನ್ ಎಂಬಲ್ಲಿಯ ಫ್ರಾನ್ಸಿಸ್ಕನ್ ಮಠದವರು ಬೆಳೆಸಿದ ಸಣ್ಣ ಹಸಿರು ಕಾಯಿ ‘ಪಾದ್ರೋನ್’ ಎಂದು ಪ್ರಸಿದ್ಧವಾಗಿದೆ. ತಟ್ಟೆಯಲ್ಲಿರುವುದರಲ್ಲಿ ಕೆಲವು ಖಾರ, ಕೆಲವು ಅಲ್ಲ. ಯಾವುದು ಎಂಥದೆಂದು ಕಚ್ಚದೆ ತಿಳಿಯುವಂತಿಲ್ಲ. ನವಾರ್ರಾ ಸೀಮೆಯ ಲೊದೋಸಾದಲ್ಲಿ ‘ಪಿಕಿಯ್ಯೋ’ ಎಂಬ ಮೊನಚಾದ ಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ನೀರು ಸೋಕಿಸದೆ ಕೈಯಿಂದಲೇ ಸಿಪ್ಪೆ ಸುಲಿಯುತ್ತಾರೆ. ಹೀಗೆ ಒಂದೇ ಬೀಜ ಒಂದೊಂದು ಸೀಮೆಯ ಮಣ್ಣಿಗೂ ಮಳೆಗೂ ಒಗ್ಗಿಕೊಂಡು ಒಂದೊಂದು ಕುಲವಾಯಿತು.

ಇಲ್ಲಿ ನನ್ನ ಹೆಂಡತಿಯ ಬಿದಿರಿನ ತಟ್ಟಿಯ ರಹಸ್ಯ ಬಯಲಾಗುತ್ತದೆ. ಲಾ ವೇರಾ ಕಣಿವೆಯಲ್ಲಿ ಕೊಯ್ಲಿನ ಕಾಲಕ್ಕೆ ಸರಿಯಾಗಿ ಶರತ್ಕಾಲದ ಮಳೆ. ಅಲ್ಲಿಯ ರೈತ ಬಿಸಿಲನ್ನು ಕಾಯುತ್ತ ಕುಳಿತರೆ ಬೆಳೆ ಕೊಳೆಯುತ್ತದೆ. ಅದಕ್ಕಾಗಿ ಓಕ್ ಮರದ ಸೌದೆಯ ಬೆಂಕಿ ಮಾಡಿ, ಮೇಲಿನ ಅಟ್ಟದ ಮೇಲೆ ಕಾಯಿಗಳನ್ನು ಹರವಿ, ದಿನವೂ ಕೈಯಿಂದ ಮಗುಚುತ್ತ ಸುಮಾರು ಎರಡು ವಾರ ಹೊಗೆಯಲ್ಲಿ ಒಣಗಿಸುತ್ತಾರೆ. ನಮ್ಮ ಹಿತ್ತಿಲಿನಲ್ಲಿ ನಡೆದದ್ದೂ ಅದೇ. ಮಳೆ ಒಂದೇ ಆದರೆ ಉಪಾಯವೂ ಒಂದೇ. ಮೂಡಣದ ಮುರ್ಸಿಯಾ, ಆಲಿಕಾಂತೆ ಸೀಮೆಗಳು ಬರಡು ಬಿಸಿಲಿನವು. ಅಲ್ಲಿ ಬೆಂಕಿಯ ಹಂಗಿಲ್ಲ. ಬಯಲಿನಲ್ಲಿ, ಗ್ವಾರ್ದಮಾರ್ ಎಂಬ ಊರಿನ ಕಡೆ ಕಡಲಂಚಿನ ಮರಳದಿಬ್ಬಗಳ ಮೇಲೆ, ಕಾಯಿಗಳನ್ನು ಹರವಿ ಒಣಗಿಸುತ್ತಿದ್ದರು. ಹುಡುಗಿ ಮೂಗಿನಿಂದಲೇ ದಿಕ್ಕು ಹೇಳಿದ್ದು ಹೇಗೆಂದು ನನಗಾಗ ತಿಳಿಯಿತು. ಆಕೆಗೆ ಬೇಕಾಗಿದ್ದುದು ಬಿಸಿಲನ್ನು ಕುಡಿದ ಕಾಯಿ.

ನ್ಯೋರಾ ಎಂಬ ಹೆಸರಿನ ಕಥೆ ಇದಕ್ಕಿಂತ ಸೊಗಸು. ಮುರ್ಸಿಯಾ ನಗರದ ಪಕ್ಕದಲ್ಲಿ ಲಾ ನ್ಯೋರಾ ಎಂಬ ಗ್ರಾಮವಿದೆ. ಸಂತ ಜೆರೋಮನ ಪಂಥದ ಮಠವೊಂದು ಅಲ್ಲಿಯೂ ಇತ್ತು. ಆ ಮಠದವರು ಬೆಳೆಸಿದ ದುಂಡು ಕಾಯಿಗೆ ಊರಿನ ಹೆಸರೇ ಅಂಟಿತು. ಊರಿಗೆ ಆ ಹೆಸರು ಬಂದದ್ದು ಅಲ್ಲಿ ಕಾಲುವೆಯ ನೀರನ್ನೆತ್ತುತ್ತಿದ್ದ ದೊಡ್ಡ ಚಕ್ರದಿಂದ. ಆ ಚಕ್ರಕ್ಕೆ ಸ್ಪೇನಿನ ಭಾಷೆಯಲ್ಲಿ ‘ನೋರಿಯಾ’ ಎನ್ನುತ್ತಾರೆ. ಆ ಪದವಾದರೋ ಅರಬ್ಬಿಯದು. ನದಿಯ ನೀರನ್ನು ಕಾಲುವೆಗೆ ತಿರುಗಿಸಿ ಆ ಬಯಲನ್ನು ತೋಟ ಮಾಡಿದವರು ಅರಬರು. ಅವರ ಸಂತತಿಯವರನ್ನು 1609ರಿಂದ 1614ರ ವರೆಗೆ ಸ್ಪೇನಿನಿಂದ ಹೊರದೂಡಲಾಯಿತು. ಜನ ಹೋದರು, ಚಕ್ರ ಉಳಿಯಿತು, ಹೆಸರು ಉಳಿಯಿತು. ಅಮೆರಿಕೆಯ ಗಿಡ, ಅರಬರ ನೀರು, ಕ್ರೈಸ್ತ ಸಂನ್ಯಾಸಿಗಳ ಕೈ, ನಮ್ಮ ಮೆಣಸಿನಿಂದ ಎರವಲು ಪಡೆದ ಜಾತಿನಾಮ: ಇಷ್ಟೆಲ್ಲ ಕೂಡಿ ಒಂದು ‘ಸ್ಥಳೀಯ’ ಪದಾರ್ಥವಾಗಿದೆ. ತಾಯಿಯ ಕೈಯಡುಗೆಯ ರುಚಿ ಎಂದು ನಾವು ಎದೆಗವಚಿಕೊಳ್ಳುವುದರಲ್ಲಿ ಎಷ್ಟು ಪರಕೀಯರ ಬೆವರಿದೆಯೋ ಬಲ್ಲವರಾರು!

ಹೊರಗಿನವರಿಗಂತೂ ಈ ಗಿಡದ ಊರು ಯಾವುದೆಂಬುದೇ ತಿಳಿಯದೆ ಹೋಯಿತು. ಜರ್ಮನಿಯ ಸಸ್ಯಶಾಸ್ತ್ರಜ್ಞ ಲಿಯೋನ್‌ಹಾರ್ಟ್ ಫುಕ್ಸ್ 1542ರ ತನ್ನ ಗ್ರಂಥದಲ್ಲಿ ಇದನ್ನು ಕಲ್ಲಿಕೋಟೆಯ ಮೆಣಸೆಂದು ಕರೆದ. ಡಚ್ಚರು ಇಂದಿಗೂ ಸ್ಪೇನಿನ ಮೆಣಸು ಎನ್ನುತ್ತಾರೆ. 1776ರಲ್ಲಿ ಜಾಕ್ವಿನ್ ಎಂಬ ವಿದ್ವಾಂಸ ಇದರ ಒಂದು ಪ್ರಭೇದಕ್ಕೆ ಚೀನಾದ ಹೆಸರನ್ನಿಟ್ಟ. ತಪ್ಪೆಂದು ತಿಳಿದ ಮೇಲೂ ಶಾಸ್ತ್ರದಲ್ಲಿ ಆ ಹೆಸರೇ ನಿಂತಿದೆ.

ಇತ್ತ ಪೋರ್ಚುಗೀಸರ ಹಡಗುಗಳಲ್ಲಿ ಅದೇ ಗಿಡ ಗೋವೆಗೆ ಬಂದು, ಘಟ್ಟ ಹತ್ತಿ ನಮ್ಮಲ್ಲಿಗೂ ಬಂದಿತು. ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ದ ಅಡುಗೆಗಳಲ್ಲಾಗಲಿ, ಮಂಗರಸನ ‘ಸೂಪಶಾಸ್ತ್ರ’ದಲ್ಲಾಗಲಿ ಮೆಣಸಿನಕಾಯಿಯಿಲ್ಲ; ಅಲ್ಲಿಯ ಖಾರವೆಲ್ಲ ಮೆಣಸು ಮತ್ತು ಶುಂಠಿಯದು. ಆದರೆ ಪುರಂದರದಾಸರ ಅಂಕಿತದಲ್ಲಿ ಮೆಣಸಿನಕಾಯಿಯನ್ನು ಕುರಿತ ಪದವೊಂದು ಪ್ರಚಾರದಲ್ಲಿದೆ. ಆಹಾರದ ಇತಿಹಾಸಕಾರ ಕೆ. ಟಿ. ಅಚ್ಚಯ್ಯನವರು ತಮ್ಮ ಗ್ರಂಥದಲ್ಲಿ ಅದನ್ನು ಎತ್ತಿ ಹೇಳಿದ್ದಾರೆ. ಬಂದದ್ದು ಯಾವಾಗಲೇ ಆಗಲಿ, ನಮ್ಮ ಕಪ್ಪುಮಣ್ಣಿನ ಸೀಮೆಯಲ್ಲಿ ಅದು ತನ್ನದೇ ಆದ ಒಂದು ಕುಲವನ್ನು ಕಟ್ಟಿಕೊಂಡಿತು. ಅದೇ ಬ್ಯಾಡಗಿ ಮೆಣಸಿನಕಾಯಿ.

ಪುಸ್ತಕ ಮುಚ್ಚಿದಾಗ ನನ್ನ ಮೂರ್ಖತನಕ್ಕೆ ನನಗೇ ನಗು ಬಂತು. ಇಡೀ ಊರು ಸುತ್ತಿದ್ದೆ. ಮನೆಯ ಮಸಾಲೆ ಡಬ್ಬಿಯನ್ನು ಮಾತ್ರ ತೆರೆದು ನೋಡಿರಲಿಲ್ಲ. 2021ರ ಮಾರ್ಚಿನಲ್ಲಿ, ಪೇಟೆ ತುಂಬಿತುಳುಕುವ ಕಾಲದಲ್ಲಿ, ಹುಡುಗಿಯನ್ನು ಕರೆದುಕೊಂಡು ಬ್ಯಾಡಗಿಗೆ ಹೋದೆ. ಆಕೆ ಉಳಿಸಿಕೊಂಡಿದ್ದ ಆ ಒಂದು ನ್ಯೋರಾವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದಳು. ಮಾರುಕಟ್ಟೆಯ ಪ್ರಾಂಗಣದಲ್ಲಿ ಕಣ್ಣು ಹಾಯುವವರೆಗೆ ಕೆಂಪು ರಾಶಿಗಳು, ಚೀಲಗಳ ಸಾಲುಗಳು, ಸೀನುವ ಹಮಾಲರು. ಒಬ್ಬ ವೃದ್ಧ ವರ್ತಕರ ಮುಂದೆ ಆಕೆ ಕರವಸ್ತ್ರ ಬಿಚ್ಚಿ ಕಾಯಿಯನ್ನು ತೋರಿಸಿದಳು. ಕ್ಯೂಬಾದ ದಂಡೆಯಲ್ಲಿ ಅಂಗೈ ಮೇಲೆ ಮೆಣಸಿನ ಕಾಳು ಹಿಡಿದು ನಿಂತವನ ನೆನಪು ನನಗಾಗದೆ ಇರಲಿಲ್ಲ. ವರ್ತಕರು ಕಾಯಿಯನ್ನು ತಿರುಗಿಸಿ ನೋಡಿ, ಮೂಸಿ, ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: “ಬಣ್ಣಕ್ಕ ಬೇಕೋ, ಖಾರಕ್ಕ ಬೇಕೋ?”

“ಬಣ್ಣಕ್ಕ ಬೇಕ್ರೀ, ಅಜ್ಜಾರ” ಎಂದಳು ಹುಡುಗಿ.

ಆ ಒಂದು ಮಾತಿನಲ್ಲಿ ಲ್ಯಾಟಿನ್ನಿನ ಪಿಗ್ಮೆಂಟುಂ ಬ್ಯಾಡಗಿಯ ಪೇಟೆಯಲ್ಲಿ ತನ್ನ ಮೂಲ ಅರ್ಥಕ್ಕೆ ಮರಳಿತು. ಖಾರಕ್ಕೆ ಗುಂಟೂರು, ಬಣ್ಣಕ್ಕೆ ಬ್ಯಾಡಗಿ ಎಂಬುದು ನಮ್ಮ ಗೃಹಿಣಿಯರ ಹಳೆಯ ಸೂತ್ರ. ಬ್ಯಾಡಗಿಯಲ್ಲಿ ಎರಡು ಬಗೆ: ಉದ್ದಕ್ಕೆ ತೆಳ್ಳಗಿರುವುದು ಕಡ್ಡಿ, ಗಿಡ್ಡಕ್ಕೆ ಉಬ್ಬಿರುವುದು ಡಬ್ಬಿ. ಈ ಕಾಯಿಗೂ ಸ್ಪೇನಿನ ಕಾಯಿಗೂ ಕೆಂಪು ಕೊಡುವ ವಸ್ತು ಒಂದೇ. ರಸಾಯನಶಾಸ್ತ್ರದವರು ಅದನ್ನು ಕ್ಯಾಪ್ಸಾಂಥಿನ್ ಎನ್ನುತ್ತಾರೆ. ಬ್ಯಾಡಗಿಯಿಂದ ಕಾರ್ಖಾನೆಗಳಲ್ಲಿ ತೆಗೆದ ಆ ಬಣ್ಣದ ಸತ್ವ ಪರದೇಶಗಳಿಗೂ ಹೋಗುತ್ತದೆ. ವರ್ತಕರು ಒಂದು ಬೊಗಸೆ ಡಬ್ಬಿಯನ್ನು ಆಕೆಯ ಮುಂದೆ ಸುರಿದು, “ನಿಮ್ಮದು ದುಂಡಗೈತಿ, ನಮ್ಮದು ಸುಕ್ಕೈತಿ. ಬಿಸಲಂತೂ ಒಂದ” ಎಂದರು. ತೂಕ ಮಾಡಿ ಹಣ ಕೇಳಿದಾಗ, ಅರ್ಧ ಕಿಲೋಗೆ ಏನು ತಗೊಳ್ಳೋದು ಎಂದು ಬರಿಗೈಯಲ್ಲೇ ಕಳಿಸಿಕೊಟ್ಟರು.

ಹಿಂದಿರುಗುವಾಗ ಆಕೆ ತನ್ನ ಸೀಮೆಯ ವಿಷಯ ಹೇಳಿದಳು. ತಾಯಿಯ ಕಾಲದಲ್ಲಿದ್ದಷ್ಟು ನ್ಯೋರಾ ಹೊಲಗಳು ಈಗಿಲ್ಲ. ಸ್ಪೇನಿನ ಗಿರಣಿಗಳಲ್ಲಿ ಪುಡಿಯಾಗುವ ಕಾಯಿಯ ದೊಡ್ಡ ಪಾಲು ಚೀನಾ ಮತ್ತು ಪೆರುವಿನಿಂದ ಬರುತ್ತದೆ. ಲಾ ವೇರಾದ ಪುಡಿಗೆ 2007ರಲ್ಲಿ ಯುರೋಪಿನ ಒಕ್ಕೂಟ ಮೂಲಸ್ಥಾನದ ರಕ್ಷಣೆ ಕೊಟ್ಟಿತು. ನಮ್ಮ ಬ್ಯಾಡಗಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2011ರಲ್ಲಿ. ಆದರೆ ಹೆಸರಿಗೆ ರಕ್ಷಣೆ ಸಿಕ್ಕ ಮಾತ್ರಕ್ಕೆ ಬೀಜಕ್ಕೆ ರಕ್ಷಣೆ ಸಿಕ್ಕಂತಲ್ಲ. ಹೆಚ್ಚು ಇಳುವರಿಯ ಹೊಸ ತಳಿಗಳು ಬ್ಯಾಡಗಿಯ ಸೀಮೆಯಲ್ಲೂ ಹಳೆಯ ಡಬ್ಬಿ ಕಡ್ಡಿಗಳನ್ನು ಹಿಂದಕ್ಕೆ ತಳ್ಳುತ್ತಿವೆ. 2024ರ ಮಾರ್ಚಿನಲ್ಲಿ ಬೆಲೆ ಒಮ್ಮೆಲೆ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಗಿ ವಾಹನಗಳು ಸುಟ್ಟುಹೋದ ಸುದ್ದಿ ಓದಿದೆ. ಬಣ್ಣಕ್ಕೆ ಬೆಲೆಯುಂಟೆಂದು ಜಗತ್ತಿಗೆ ತೋರಿಸಿಕೊಟ್ಟ ಊರಿನಲ್ಲಿ, ಬೆಳೆದವನಿಗೆ ಆ ಬೆಲೆ ನಿಲುಕಲಿಲ್ಲ. ಮಸಾಲೆಯ ಇತಿಹಾಸ ಅಂದಿನಿಂದ ಇಂದಿನವರೆಗೆ ಬೆಳೆಯುವವನಿಗೂ ಉಣ್ಣುವವನಿಗೂ ನಡುವೆ ನಿಂತವರ ಇತಿಹಾಸವೇ ಆಗಿದೆ.

ಕೊನೆಗೂ ಆ ದಿನ ಬಂದಿತು. ಡಬ್ಬಿ ಕಾಯಿಗೆ ನ್ಯೋರಾಕ್ಕಿಲ್ಲದ ಖಾರವುಂಟು. ಮೆಣಸಿನಕಾಯಿಯ ಖಾರ ಹುಟ್ಟುವುದು ಒಳಗಿನ ಬಿಳಿಯ ನಾರಿನಲ್ಲಿ. ನನ್ನ ಹೆಂಡತಿಯೂ ಹುಡುಗಿಯೂ ಬೆಳಗಿನಿಂದ ಕುಳಿತು ಒಂದೊಂದೇ ಕಾಯಿಯನ್ನು ಸೀಳಿ ಬೀಜವನ್ನೂ ನಾರನ್ನೂ ತೆಗೆದರು. ಕಾಯಿಗಳನ್ನು ಎಣ್ಣೆಯಲ್ಲಿ ಕ್ಷಣಮಾತ್ರ ಹುರಿದು—ಹೊತ್ತಿದರೆ ಕಹಿಯಾಗುತ್ತದಂತೆ—ಬೆಳ್ಳುಳ್ಳಿ, ಟೊಮೇಟೊ ಕೂಡಿಸಿ ಅರೆದರು. ಆಲಿಕಾಂತೆಯಲ್ಲಿ ಆ ಗೊಜ್ಜಿಗೆ ‘ಸಲ್ಮೊರ್ರೇತಾ’ ಎಂದು ಹೆಸರು. ಅದನ್ನು ಹಾಕಿ, ಗಿಡ್ಡ ಕಾಳಿನ ಅಕ್ಕಿಯಿಂದ ಅನ್ನ ಮಾಡಿದಳು. ನಮ್ಮ ಮನೆಯ ರೀತಿಗೆ ಹೊಂದಿಕೊಂಡು ಮೀನು ಮಾಂಸ ಸೇರಿಸಲಿಲ್ಲ. ಈಸ್ಟರ್ ಹಬ್ಬದ ಮುಂಚಿನ ವ್ರತದ ದಿನಗಳಾದ್ದರಿಂದ ಅವ್ವನೂ ಹೀಗೆಯೇ ಮಾಡುತ್ತಿದ್ದಳೆಂದು ಸಮಾಧಾನ ಹೇಳಿದ್ದು ಅವಳೇ.

ತಟ್ಟೆಗಳಲ್ಲಿ ಅನ್ನ ಹೊಂಗೆಂಪಾಗಿ ಹೊಳೆಯುತ್ತಿತ್ತು. ಮೊದಲ ತುತ್ತನ್ನು ಬಾಯಿಗಿಟ್ಟ ಆಕೆಯ ಮುಖವನ್ನು ನಾವಿಬ್ಬರೂ ನೋಡುತ್ತ ಕುಳಿತೆವು. ಬಹಳ ಹೊತ್ತು ಆಕೆ ಮಾತಾಡಲಿಲ್ಲ.

“ಬಣ್ಣ ಅದೇ, ಕಾಕು” ಎಂದಳು ಕೊನೆಗೆ. “ಪರಿಮಳ ಅರ್ಧ ಅದೇ. ಖಾರ ಸ್ವಲ್ಪ ಹೆಚ್ಚು.” ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಅವ್ವ ಇದ್ದಿದ್ದರೆ ನೀರು ಕೇಳುತ್ತಿದ್ದಳು” ಎಂದಳು. ವರ್ಷದ ಮೇಲೆ ಆ ಮನೆಯಲ್ಲಿ ಆಕೆ ನಕ್ಕದ್ದು ಅಂದೇ.

ಅಂದು ಬಳಸಿ ಉಳಿದ ಕಾಯಿಗಳನ್ನು ಆಕೆ ತಾಯಿಯ ತಗಡಿನ ಡಬ್ಬಿಗೆ ತುಂಬಿದಳು. ಆ ಒಂಟಿ ನ್ಯೋರಾವನ್ನು ಒಡೆದು, ಬೀಜಗಳನ್ನು ತೆಗೆದು ನಮ್ಮ ಹಿತ್ತಿಲಿನ ಕುಂಡದಲ್ಲಿ ಬಿತ್ತಿದಳು. ಆಕೆ ಊರಿಗೆ ಮರಳಿ ಈಗ ಕೆಲವು ವರ್ಷಗಳಾದವು. ಕುಂಡದಲ್ಲಿ ಗಿಡವಿದೆ, ಪ್ರತಿವರ್ಷ ಅದರದೇ ಬೀಜದಿಂದ ನನ್ನ ಹೆಂಡತಿ ಅದನ್ನು ಮತ್ತೆ ಎಬ್ಬಿಸುತ್ತಾಳೆ. ಮೊದಲ ವರ್ಷದ ಕಾಯಿ ದುಂಡಗಿತ್ತು. ಪಕ್ಕದ ಕುಂಡದಲ್ಲಿ ಬ್ಯಾಡಗಿಯೂ ಇರುವುದರಿಂದ ಹೂವುಗಳು ಬೆರೆತಿರಬೇಕು. ಈಚೆಗೆ ಕಾಯಿ ತುಸು ಉದ್ದವಾಗಿದೆ, ತುಸು ಖಾರವೂ ಆಗಿದೆ. ಅದಕ್ಕೆ ಏನೆಂದು ಹೆಸರಿಡಬೇಕೋ ನಾವಿನ್ನೂ ನಿರ್ಧರಿಸಿಲ್ಲ.